ಎಲುಬು ಕಾಣುವ ಕುದುರೆ

ಬಡಕಲು ಕುದುರೆಯೊಂದು ಎದುರಾದ ಕೂಡಲೇ ಅದರ ಪಕ್ಕೆಲುಬು ಎಣಿಸತೊಡಗುವುದು ಮನುಷ್ಯರ ನೋಟಕ್ಕೆ ಅಂಟಿದ ಹಳೆಯ ಚಾಳಿ. ಮೈದುಂಬಿದ ಕುದುರೆಯಾದರೆ ಬಣ್ಣ, ಬಾಲ, ಜೂಲು, ನಡಿಗೆ ಎಂದು ನೋಟ ಹತ್ತು ಕಡೆ ಹರಿದಾಡುತ್ತದೆ, ಬಡಕಲಾದರೆ ಪಕ್ಕೆಯಲ್ಲೇ ಸಿಕ್ಕಿಕೊಂಡು ನಿಲ್ಲುತ್ತದೆ. ವಿಜಯಪುರ ನಗರದಲ್ಲಿ ಈ ಚಾಳಿಗೆ ಅವಕಾಶ ತುಸು ಹೆಚ್ಚು, ಏಕೆಂದರೆ ಬೇರೆ ಊರುಗಳಲ್ಲಿ ಹಳೆಯ ಸಿನಿಮಾಗಳಿಗೆ ಸೇರಿಹೋದ ಟಾಂಗಾ, ಅಂದರೆ ಒಂದೇ ಕುದುರೆ ಎಳೆಯುವ ಎರಡು ಗಾಲಿಯ ಬಾಡಿಗೆ ಗಾಡಿ, ಇಲ್ಲಿ ಗೋಳಗುಮ್ಮಟ ನೋಡಲು ಬಂದವರನ್ನು ಹೊತ್ತುಕೊಂಡು ಊರು ಸುತ್ತಿಸುತ್ತ ಬಹಳ ಕಾಲ ಉಳಿದುಕೊಂಡಿತು. ಕಣ್ಣಿನ ಎರಡೂ ಬದಿಗೆ ಚರ್ಮದ ಪಟ್ಟಿ, ಹಣೆಯ ಮೇಲೆ ಬಣ್ಣದ ಗೊಂಡೆ, ಮೂತಿಗೆ ಕಟ್ಟಿದ ಚೀಲದಲ್ಲಿ ಹುರಳಿ. ಇಷ್ಟೆಲ್ಲ ಅಲಂಕಾರ ಉಪಚಾರಗಳಿದ್ದರೂ ನೋಡುವವರ ಕಣ್ಣು ಮೊದಲು ಹೋಗುವುದು ಪಕ್ಕೆಗೇ. ಈ ಎಣಿಕೆಯ ಹಿಂದೆ ಮರುಕವಿದೆ, ಕುದುರೆ ಸಾಕಿದವನ ಬಗ್ಗೆ ಸಣ್ಣದೊಂದು ಆಕ್ಷೇಪವಿದೆ, ಜೊತೆಗೆ ಎಲುಬು ಕಾಣುವ ಮೈ ಏನನ್ನೋ ಹೇಳುತ್ತಿದೆ ಎಂಬ ಅಸ್ಪಷ್ಟ ನಂಬಿಕೆಯೂ ಇದೆ. ಕೊನೆಯದಾದ ಈ ನಂಬಿಕೆಗೆ ಇದೇ ಊರಿನಲ್ಲಿ ನಾಲ್ಕು ನೂರು ವರ್ಷಗಳ ವಯಸ್ಸಾಗಿದೆ, ಮತ್ತು ಅದಕ್ಕೆ ಕಾಗದದ ಮೇಲಿನ ಸಾಕ್ಷಿಯೂ ಇದೆ.

ಆ ಸಾಕ್ಷಿ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಸುಮಾರು 1625ರಲ್ಲಿ, ಎಂದರೆ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಳ್ವಿಕೆಯ ಕೊನೆಗಾಲದಲ್ಲಿ, ಬಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ರಚನೆಯಾದದ್ದೆಂದು ವಿದ್ವಾಂಸರು ಗುರುತಿಸಿರುವ ಒಂದು ಆಲ್ಬಮ್ ಹಾಳೆ ಅದು. ಅದರಲ್ಲಿರುವುದು ಒಂದು ಸೊರಗಿದ ಕುದುರೆ ಮತ್ತು ಅದರ ಮೇಲೆ ಕುಳಿತ, ಅದರಷ್ಟೇ ಸೊರಗಿದ ಸವಾರ. ಸಿಂಹಾಸನವಿಲ್ಲ, ಛತ್ರಿಯಿಲ್ಲ, ಬಿಜಾಪುರದ ಚಿತ್ರಕಾರರು ಬೇರೆಡೆ ಎರಡೂ ಕೈಯಿಂದ ಸುರಿದ ಹೂಬಳ್ಳಿ, ಅರಮನೆ, ಮುತ್ತಿನ ಹಾರಗಳೂ ಇಲ್ಲ. ಅರಸರು, ಆನೆಗಳು, ವೀಣೆಯಂಥ ವಾದ್ಯ ಹಿಡಿದ ಸುಲ್ತಾನ, ಮೈನಾ ಹಕ್ಕಿಯೊಡನೆ ಮಾತಿಗೆ ನಿಂತ ಯೋಗಿನಿ, ಇವರನ್ನೆಲ್ಲ ಅಷ್ಟು ಸಿರಿಯಲ್ಲಿ ಬರೆದ ಒಂದು ಆಸ್ಥಾನಕ್ಕೆ ಈ ಬಡಕಲು ಜೀವ ಏಕೆ ಬೇಕಾಯಿತು ಎಂಬುದು ಕೇಳಿ ಸುಮ್ಮನಾಗುವ ಪ್ರಶ್ನೆಯಲ್ಲ.

ಹಾಳೆಯ ಕೆಲಸಗಾರಿಕೆಯನ್ನು ಹತ್ತಿರದಿಂದ ನೋಡಬೇಕು. ಇದನ್ನು ಬರೆದಿರುವುದು ಅಬ್ರಿ ಎಂದು ಕರೆಯುವ ಕಾಗದದ ಮೇಲೆ. ಅಬ್ರಿ ಎಂದರೆ ನೀರಿನ ಮೇಲೆ ತೇಲಿಬಿಟ್ಟ ಬಣ್ಣವನ್ನು ಕಾಗದಕ್ಕೆ ಎತ್ತಿಕೊಳ್ಳುವ ಕಲೆ. ಅಗಲವಾದ ತಟ್ಟೆಯಲ್ಲಿ ಮೆಂತ್ಯದಂಥ ಕಾಳಿನಿಂದಲೋ ಗಿಡದ ಅಂಟಿನಿಂದಲೋ ತೆಗೆದ ಲೋಳೆಯನ್ನು ಬೆರೆಸಿ ನೀರನ್ನು ಮಂದವಾಗಿಸಿ, ಅದರ ಮೇಲೆ ಬಣ್ಣದ ಹನಿಗಳನ್ನು ಉದುರಿಸಿ, ಕಡ್ಡಿಯಿಂದಲೋ ಬಾಚಣಿಗೆಯಿಂದಲೋ ಮೆಲ್ಲನೆ ಎಳೆದು ಸುಳಿಗಳನ್ನು ಎಬ್ಬಿಸಿ, ಅನಂತರ ಕಾಗದವನ್ನು ಮೇಲಿನಿಂದ ಹಾಸಿ ಎತ್ತಿದರೆ ಆ ಸುಳಿಗಳೆಲ್ಲ ಕಾಗದಕ್ಕೆ ಬಂದು ಅಂಟುತ್ತವೆ. ಒಮ್ಮೆ ಬಂದ ವಿನ್ಯಾಸ ಮತ್ತೊಮ್ಮೆ ಬರುವುದಿಲ್ಲ. ಇರಾನ್ ಮತ್ತು ತುರ್ಕಿಯಲ್ಲಿ ಇಂಥ ಕಾಗದವನ್ನು ಹೆಚ್ಚಾಗಿ ಬರೆಹದ ಸುತ್ತಲಿನ ಅಂಚಿಗೆ, ಪುಸ್ತಕದ ರಟ್ಟಿಗೆ ಬಳಸುತ್ತಿದ್ದರು. ದಖ್ಖನಿನ ಕಲಾವಿದರು ಅದನ್ನು ಅಂಚಿನಿಂದ ನಡುಮನೆಗೆ ತಂದು ಚಿತ್ರದ ಆಕೃತಿಗೇ ಮೈಯಾಗಿಸಿದರು. ಬಣ್ಣ ಹತ್ತಬಾರದ ಭಾಗಕ್ಕೆ ಮೊದಲೇ ಅಂಟು ಬಳಿದೋ, ಕತ್ತರಿಸಿದ ಕಾಗದದ ಅಚ್ಚು ಇಟ್ಟೋ ಮರೆಮಾಡಿ, ಬೇಕಾದ ಆಕಾರದೊಳಗೆ ಮಾತ್ರ ಸುಳಿಗಳನ್ನು ಇಳಿಸಿ, ಆಮೇಲೆ ತೆಳುವಾದ ಕುಂಚದಿಂದ ಗೊರಸು, ಕಣ್ಣು, ಲಗಾಮುಗಳ ಗೆರೆ ಎಳೆಯುವ ಈ ಪದ್ಧತಿಯಲ್ಲಿ ಎರಡು ವಿರುದ್ಧ ಗುಣಗಳು ಒಂದೇ ಹಾಳೆಯಲ್ಲಿ ಕೂಡುತ್ತವೆ: ಸುಳಿ ಕೈಮೀರಿದ್ದು, ಗೆರೆ ಕೈಯೊಳಗಿನದು. ಹರಿಯುವ ಬಣ್ಣವೇ ಕುದುರೆಯ ಚರ್ಮವಾಗಿ, ಅದನ್ನು ಹಿಡಿದು ನಿಲ್ಲಿಸಿದ ಗೆರೆ ಅದರ ಎಲುಬಾಗಿ ಕಾಣುವಂತೆ ಮಾಡಿದ ಕಲಾವಿದನಿಗೆ ತಾನು ಆರಿಸಿಕೊಂಡ ವಿಷಯಕ್ಕೂ ತನ್ನ ಪದ್ಧತಿಗೂ ಇರುವ ನಂಟು ತಿಳಿದಿರಲಿಲ್ಲ ಎಂದು ನಂಬುವುದು ಕಷ್ಟ.

ವಿಷಯದ ಬಗ್ಗೆ ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ ಸೂಫಿ ಚಿಂತನೆಯದು. ಸೂಫಿಗಳ ಭಾಷೆಯಲ್ಲಿ ನಫ್ಸ್ ಎಂದರೆ ಮನುಷ್ಯನೊಳಗಿನ ಕೆಳಮಟ್ಟದ ಆತ್ಮ, ತಿನ್ನಬೇಕು, ಹೊಂದಬೇಕು, ಮೆರೆಯಬೇಕು ಎಂದು ಸದಾ ಹಂಬಲಿಸುವ ಭಾಗ. ಅದನ್ನು ಕೊಂದುಬಿಟ್ಟರೆ ಪಯಣವೇ ಸಾಗದು, ಬಿಟ್ಟುಬಿಟ್ಟರೆ ಅದು ಸವಾರನನ್ನೇ ಹೊತ್ತೊಯ್ದು ಹಳ್ಳಕ್ಕೆ ಕೆಡವುತ್ತದೆ, ಆದ್ದರಿಂದ ಉಪವಾಸ, ಜಾಗರಣೆ, ಜಪಗಳಿಂದ ಅದನ್ನು ಸೊರಗಿಸಿ ಪಳಗಿಸಬೇಕು ಎಂಬುದು ಅವರ ಉಪದೇಶ. ಹನ್ನೊಂದು, ಹನ್ನೆರಡನೆಯ ಶತಮಾನಗಳ ನಡುವೆ ಬಾಳಿದ ಅಲ್ ಗಜಾಲಿ ಇದನ್ನು ಬೇಟೆಯ ದೃಷ್ಟಾಂತದಿಂದ ವಿವರಿಸಿದ: ವಿವೇಕ ಬೇಟೆಗಾರ, ಆಸೆ ಅವನ ಕುದುರೆ, ಸಿಟ್ಟು ಅವನ ನಾಯಿ, ಕುದುರೆ ಮತ್ತು ನಾಯಿ ಮಾತು ಕೇಳಿದರೆ ಬೇಟೆ ಸಿಗುತ್ತದೆ, ಇಲ್ಲವಾದರೆ ಬೇಟೆಗಾರನಿಗೇ ಕೇಡು. ಇರಾನಿನಲ್ಲಿಯೂ ಮೊಗಲರ ಆಸ್ಥಾನದಲ್ಲಿಯೂ ಬಡಕಲು ಕುದುರೆಯ ಚಿತ್ರಗಳನ್ನು ಬರೆದವರಿದ್ದಾರೆ. ಅಕ್ಬರನ ಆಸ್ಥಾನದ ಹಿರಿಯ ಚಿತ್ರಕಾರ ಬಸಾವನನೂ ಇಂಥದೊಂದನ್ನು ಬರೆದ. ಬಿಜಾಪುರದ ಹಾಳೆ ಈ ಬಳಗಕ್ಕೆ ಸೇರಿದ್ದು. ಹಾಗೆ ಓದಿದಾಗ ಕುದುರೆಯ ಎಲುಬು ಸೋಲಿನ ಗುರುತಲ್ಲ, ಗೆಲುವಿನದು. ಕುದುರೆ ಸೊರಗಿದಷ್ಟೂ ಸವಾರ ದಾರಿ ಸಾಗಿದ್ದಾನೆ ಎಂದರ್ಥ.

ಇದನ್ನು ಇನ್ನೊಂದು ಕುದುರೆಯ ಪಕ್ಕದಲ್ಲಿಟ್ಟು ನೋಡಿದರೆ ಈ ಅರ್ಥದ ವಿಚಿತ್ರ ಹೊಳೆಯುತ್ತದೆ. ಬಿಜಾಪುರದ ಹಾಳೆಗಿಂತ ಸುಮಾರು ನೂರು ವರ್ಷ ಮೊದಲು, 1513ರಲ್ಲಿ, ಜರ್ಮನಿಯ ನ್ಯೂರೆಂಬರ್ಗ್ ನಗರದ ಆಲ್ಬ್ರೆಕ್ಟ್ ಡ್ಯೂರರ್ ತಾಮ್ರದ ತಗಡಿನ ಮೇಲೆ ಒಂದು ಚಿತ್ರವನ್ನು ಕೊರೆದು ಅಚ್ಚು ಹಾಕಿದ; 'ನೈಟ್, ಮೃತ್ಯು ಮತ್ತು ಸೈತಾನ' ಎಂದು ಅದನ್ನು ಕರೆಯುತ್ತಾರೆ. ತಾಮ್ರದ ಮೇಲೆ ಅಕ್ಷರ ಕೊರೆಯುವುದು ಕನ್ನಡ ನಾಡಿಗೆ ಹೊಸದಲ್ಲ, ದಾನಶಾಸನಗಳ ತಗಡುಗಳು ನಮ್ಮಲ್ಲಿ ಸಾವಿರ ವರ್ಷಕ್ಕೂ ಹಿಂದಿನವು ಸಿಕ್ಕಿವೆ. ಆದರೆ ಶಾಸನದ ತಗಡನ್ನು ಓದುವುದಕ್ಕೆ ಕೊರೆದರೆ, ಯುರೋಪಿನ ಈ ತಗಡನ್ನು ಒತ್ತುವುದಕ್ಕೆ ಕೊರೆಯುತ್ತಿದ್ದರು. ಚೂಪಾದ ಉಕ್ಕಿನ ಉಳಿಯನ್ನು ಅಂಗೈಯಿಂದ ತಳ್ಳುತ್ತ ಕೂದಲೆಳೆಯಂಥ ಗೀರುಗಳನ್ನು ಎಬ್ಬಿಸಿ, ಆ ಗೀರುಗಳೊಳಗೆ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಮಾಡಿದ ಕಾಗದವನ್ನು ಇಟ್ಟು ಎರಡು ಉರುಳೆಗಳ ನಡುವೆ ಬಲವಾಗಿ ಒತ್ತಿದರೆ ಗೀರಿನೊಳಗಿನ ಮಸಿ ಕಾಗದಕ್ಕೆ ಏರುತ್ತದೆ. ಒಂದೇ ತಗಡಿನಿಂದ ನೂರಾರು ಪ್ರತಿಗಳು. ಅಬ್ರಿಯಲ್ಲಿ ವಿನ್ಯಾಸ ಎರಡನೆಯ ಬಾರಿ ಬಾರದು, ಅಚ್ಚಿನಲ್ಲಿ ಅದೇ ಮತ್ತೆ ಮತ್ತೆ ಬರುತ್ತದೆ. ನೆರಳು, ಬೆಳಕು, ಸ್ನಾಯುವಿನ ಉಬ್ಬು, ಕಬ್ಬಿಣದ ಕವಚದ ಹೊಳಪು ಎಲ್ಲವನ್ನೂ ಹತ್ತಿರ ಹತ್ತಿರ ಎಳೆದ ಗೀರುಗಳಿಂದಲೇ ಹೊರಡಿಸಬೇಕು, ಅಲ್ಲಿ ಬಣ್ಣವೆಂಬುದೇ ಇಲ್ಲ.

ಡ್ಯೂರರನ ಅಚ್ಚಿನಲ್ಲಿ ಎರಡು ಕುದುರೆಗಳಿವೆ ಎಂಬುದನ್ನು ಮೊದಲ ನೋಟದಲ್ಲಿ ಅನೇಕರು ಗಮನಿಸುವುದಿಲ್ಲ. ನಡುವೆ ಕವಚ ತೊಟ್ಟ ಯೋಧನನ್ನು ಹೊತ್ತು ನಡೆಯುವ ಕುದುರೆ ಮೈದುಂಬಿದ್ದು; ಅದರ ಕತ್ತಿನ ಬಾಗು, ಎದೆಯ ಅಗಲ, ಎತ್ತಿಟ್ಟ ಮುಂಗಾಲು, ಎಲ್ಲವೂ ಅಳತೆಗೆ ಕಟ್ಟಿದವು, ಏಕೆಂದರೆ ಡ್ಯೂರರ್ ಕುದುರೆಯ ಅಂಗಪ್ರಮಾಣವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವನು, 1505ರಲ್ಲೇ 'ಚಿಕ್ಕ ಕುದುರೆ', 'ದೊಡ್ಡ ಕುದುರೆ' ಎಂದು ಹೆಸರಾದ ಎರಡು ಅಚ್ಚುಗಳನ್ನು ಹೊರತಂದವನು. ಆ ಕುದುರೆಯ ಹಿಂದೆ, ಕೊರಕಲಿನ ನೆರಳಿನಲ್ಲಿ, ಕಿರೀಟಕ್ಕೆ ಹಾವು ಸುತ್ತಿಕೊಂಡ ಮೃತ್ಯು ಮರಳುಗಡಿಯಾರ ಹಿಡಿದು ಕುಳಿತಿರುವುದು ಇನ್ನೊಂದು ಕುದುರೆಯ ಮೇಲೆ. ಅದು ಬಡಕಲು, ಕೊರಳಿಗೊಂದು ಗಂಟೆ, ತಲೆ ಕೆಳಗೆ ಜೋತಿದೆ, ಮೂತಿಯ ಮುಂದೆ ಮರದ ಬೊಡ್ಡೆಯೊಂದರ ಮೇಲೆ ತಲೆಬುರುಡೆ ಇದೆ. ಯೋಧನ ಕುದುರೆಯ ಕಾಲುಗಳ ನಡುವೆ ಒಂದು ನಾಯಿ ಓಡುತ್ತದೆ. ಯೋಧ ಮೃತ್ಯುವಿನ ಕಡೆಗಾಗಲಿ ಹಿಂದೆ ನಿಂತ ಹಂದಿಮೂತಿಯ ಸೈತಾನನ ಕಡೆಗಾಗಲಿ ತಿರುಗಿ ನೋಡುವುದಿಲ್ಲ. ಸ್ಥಿರ ಮನಸ್ಸಿನ ಕ್ರೈಸ್ತ ಭಕ್ತನ ಬಾಳುವೆಯ ಚಿತ್ರವೆಂದು ಇದನ್ನು ಓದುವುದು ವಾಡಿಕೆ. ಪಳಗಿದ ಬಲಿಷ್ಠ ಕುದುರೆ ಅವನ ಸ್ಥೈರ್ಯದ ಗುರುತು, ಬಡಕಲು ಕುದುರೆ ಸಾವಿನದು. ಹದಿನೈದು ವರ್ಷ ಮೊದಲು, 1498ರಲ್ಲಿ, ಬೈಬಲ್ಲಿನ ಕೊನೆಯ ಪುಸ್ತಕದ ನಾಲ್ವರು ಸವಾರರನ್ನು ಮರದ ಅಚ್ಚಿನಲ್ಲಿ ಕೊರೆದಾಗಲೂ ಡ್ಯೂರರ್ ಮೃತ್ಯುವನ್ನು ಕೂರಿಸಿದ್ದು ಎಲುಬು ಕಾಣುವ ಕುದುರೆಯ ಮೇಲೆಯೇ.

ಒಂದೇ ಪಕ್ಕೆಲುಬಿಗೆ ಎರಡು ಕಡೆ ಎರಡು ಅರ್ಥ. ನ್ಯೂರೆಂಬರ್ಗಿನಲ್ಲಿ ಅದು ಬದುಕನ್ನು ತಿನ್ನಲು ಬರುವುದರ ವಾಹನ, ಬಿಜಾಪುರದಲ್ಲಿ ಬದುಕಿನ ಆಸೆಯನ್ನು ಗೆದ್ದವನ ವಾಹನ; ಅಲ್ಲಿ ಒಳ್ಳೆಯ ಸವಾರನ ಕುದುರೆ ತಿಂದು ಮೈದುಂಬಿಕೊಂಡಿರಬೇಕು, ಇಲ್ಲಿ ಅದು ತಿನ್ನದೆ ಸೊರಗಿರಬೇಕು. ಎರಡೂ ಕಡೆ ಹೇಳಬೇಕಾದದ್ದು ಒಂದೇ, ಮನಸ್ಸು ಮೈಯ ಮೇಲೆ ಹಿಡಿತ ಸಾಧಿಸಬೇಕೆಂಬ ಮಾತು. ಅದನ್ನು ಹೇಳಲು ಆರಿಸಿಕೊಂಡ ಕುದುರೆ ಮಾತ್ರ ಬೇರೆ.

ಈ ಎರಡು ಲೋಕಗಳು ಒಂದನ್ನೊಂದು ಅರಿಯದೆ ಇದ್ದವೇನೂ ಅಲ್ಲ. ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿಯ ಕಡೆ ಹೊರಟ ರಸ್ತೆ ತೊರವಿಯನ್ನು ದಾಟಿ ತಿಕೋಟಾಕ್ಕೆ ಹೋಗುತ್ತದೆ. ತೊರವಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ನರಸಿಂಹನ ಗುಡಿ ಮತ್ತು ಕುಮಾರ ವಾಲ್ಮೀಕಿಯ ರಾಮಾಯಣ. ಅದೇ ನೆಲದಲ್ಲಿ 1599ರಲ್ಲಿ ಇಬ್ರಾಹಿಂ ಆದಿಲ್‌ಶಾಹ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದ, ಕಲೆಗಾರರನ್ನೂ ಸಂಗೀತಗಾರರನ್ನೂ ಅಲ್ಲಿ ನೆಲೆಗೊಳಿಸಿದ. ಹಾಲೆಂಡಿನ ಹಾರ್ಲೆಮ್ ನಗರದ ಚಿತ್ರಕಾರ ಕಾರ್ನೆಲಿಸ್ ಕ್ಲಾಸ್ ಹೇಡಾ, ಪ್ರಾಗ್ ನಗರದಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಆಶ್ರಯದಲ್ಲಿದ್ದು, ಅಲ್ಲಿಂದ ಅಲೆಯುತ್ತ ಬಂದು, 1610ರ ಸುಮಾರಿನಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಬ್ರಾಹಿಮನ ಸೇವೆಯಲ್ಲಿ ಇಲ್ಲಿಯೇ ಉಳಿದ. ಹಾರ್ಲೆಮ್ ಆ ಕಾಲದಲ್ಲಿ ತಾಮ್ರದ ಕೆತ್ತನೆಗೆ ಯುರೋಪಿನಲ್ಲೇ ಹೆಸರಾದ ಊರು, ಹೆಂಡ್ರಿಕ್ ಗೋಲ್ಟ್ಸಿಯಸ್‌ನಂಥ ಕೆತ್ತನೆಗಾರ ಕೆಲಸ ಮಾಡುತ್ತಿದ್ದ ಊರು. ಆ ಊರಿನ ಕಣ್ಣು ಇಂದಿನ ತಿಕೋಟಾ ರಸ್ತೆಯ ಬದಿಯಲ್ಲಿ ಕುಳಿತು ಬಿಜಾಪುರದ ಸುಲ್ತಾನನಿಗಾಗಿ ಚಿತ್ರ ಬರೆಯಿತು ಎಂಬ ಸಂಗತಿಯನ್ನು ಆ ರಸ್ತೆಯಲ್ಲಿ ದಿನವೂ ಓಡಾಡುವವರಿಗೆ ಯಾರೂ ಹೇಳಿಕೊಟ್ಟಿಲ್ಲ ಎಂಬುದು ಖೇದದ ವಿಷಯ. ಇರಾನಿನಿಂದ ಬಂದ ಫರ್ರುಖ್ ಬೇಗ್ ಎಂಬ ಇನ್ನೊಬ್ಬ ಹಿರಿಯ ಚಿತ್ರಕಾರ ಕೆಲವು ವರ್ಷ ಬಿಜಾಪುರದಲ್ಲಿದ್ದು, ಗಿಡುಗ ಹಿಡಿದು ಕುದುರೆಯ ಮೇಲೆ ಬೇಟೆಗೆ ಹೊರಟ ಇಬ್ರಾಹಿಮನನ್ನು ಬರೆದ. ಅನಂತರ ಜಹಾಂಗೀರನ ಆಸ್ಥಾನಕ್ಕೆ ಹೋಗಿ, 1615ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಮಾರ್ಟೆನ್ ಡಿ ವೋಸ್ ರಚಿಸಿ ರಫೇಲ್ ಸಡೆಲರ್ ಕೆತ್ತಿದ ಶೋಕಮೂರ್ತಿಯ ಅಚ್ಚೊಂದನ್ನು ಮುಂದಿಟ್ಟುಕೊಂಡು ಅದನ್ನು ಮುದಿ ಸೂಫಿಯಾಗಿ ಮಾರ್ಪಡಿಸಿದ. ಗೋವೆಯ ಬಂದರಿಗೆ ಇಳಿದ ಯುರೋಪಿನ ಅಚ್ಚುಚಿತ್ರಗಳು ಈ ನಾಡಿನ ಚಿತ್ರಕಾರರ ಕೈಗೆ ಬಂದಾಗ ಬರಿಯ ನಕಲಾಗಿ ಉಳಿಯುತ್ತಿರಲಿಲ್ಲ, ಇಲ್ಲಿಯ ಅರ್ಥವನ್ನು ಮೈಗೂಡಿಸಿಕೊಳ್ಳುತ್ತಿದ್ದವು ಎಂಬುದಕ್ಕೆ ಆ ಮುದಿ ಸೂಫಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಅಚ್ಚುಗಳು ಇಳಿದ ಬಂದರಿಗೇ ಜೀವಂತ ಕುದುರೆಗಳೂ ಇಳಿಯುತ್ತಿದ್ದವು. ಅರಬಸ್ತಾನ ಮತ್ತು ಹೊರ್ಮುಜ್‌ನಿಂದ ಹಡಗಿನಲ್ಲಿ ಬಂದ ಕುದುರೆಗಳ ಮೇಲಿನ ಸುಂಕ ಗೋವೆಯ ದೊಡ್ಡ ಆದಾಯವಾಗಿತ್ತು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಆ ಬಂದರನ್ನು ಆದಿಲ್‌ಶಾಹಿಗಳಿಂದ ಕಸಿದುಕೊಂಡಾಗ ಬಿಜಾಪುರ ಕಳೆದುಕೊಂಡದ್ದು ಒಂದು ಪಟ್ಟಣವನ್ನಷ್ಟೇ ಅಲ್ಲ, ತನ್ನ ಸೈನ್ಯದ ಲಾಯಕ್ಕೆ ಇದ್ದ ಹೆಬ್ಬಾಗಿಲನ್ನು. ಅಂದಿನಿಂದ ಬಿಜಾಪುರವೂ ವಿಜಯನಗರವೂ ಕುದುರೆಗಾಗಿ ಪೋರ್ಚುಗೀಸರ ಮುಖ ನೋಡಬೇಕಾಯಿತು. ಭೀಮಾತೀರದ ಗಿಡ್ಡ ತಟ್ಟುಗಳು ಗಟ್ಟಿಮುಟ್ಟು, ಕಡಿಮೆ ಮೇವಿನಲ್ಲಿ ಬಾಳುವಂಥವು; ಆದರೆ ಸರದಾರನ ಪ್ರತಿಷ್ಠೆ ನಿಂತಿದ್ದುದು ಹಡಗಿನಲ್ಲಿ ಬಂದ ಎತ್ತರದ ಕುದುರೆಯ ಮೇಲೆ. ನಗರದ ಪೂರ್ವಕ್ಕಿರುವ ಕುಮಟಗಿಯ ಜಲಮಂಟಪಗಳ ಗೋಡೆಗಳ ಮೇಲೆ ಕುದುರೆ ಏರಿ ಚೌಗಾನ್, ಅಂದರೆ ಇಂದಿನ ಪೋಲೊ, ಆಡುವವರ ಚಿತ್ರಗಳಿದ್ದವು. ಬಣ್ಣ ಮಾಸಿ ಸುಣ್ಣ ಉದುರಿದ ಆ ಗೋಡೆಗಳಲ್ಲಿ ಓಡುವ ಕುದುರೆ ಐಶ್ವರ್ಯದ ಕುದುರೆ. ಅಂಥ ಆಸ್ಥಾನದಲ್ಲಿ ಬಡಕಲು ಕುದುರೆಯನ್ನು ಬರೆಯುವುದೆಂದರೆ, ಎಲ್ಲರೂ ಬೆಲೆ ಕಟ್ಟುತ್ತಿದ್ದ ವಸ್ತುವಿನ ಬೆಲೆಯನ್ನೇ ತೆಗೆದುಹಾಕಿ ಉಳಿದದ್ದೇನು ಎಂದು ಕೇಳುವುದು.

ಈ ಪ್ರಶ್ನೆ ಸೂಫಿಗಳ ಸ್ವತ್ತು ಮಾತ್ರವಾಗಿರಲಿಲ್ಲ. ಭೀಮೆಯ ಎರಡೂ ದಂಡೆಯ ಮನೆಗಳಲ್ಲಿ, ಜಗಲಿ ಎಂದು ಕರೆಯುವ ದೇವರ ಕಟ್ಟೆಯ ಮೇಲೆ, ಬೆಳ್ಳಿ ಅಥವಾ ಹಿತ್ತಾಳೆಯ ಅಂಗೈಯಗಲದ ತಗಡೊಂದು ಪೂಜೆಗೊಳ್ಳುತ್ತದೆ. ಹಿಂದಿನಿಂದ ಬಡಿದು ಉಬ್ಬಿಸಿದ ಆ ತಗಡಿನಲ್ಲಿ ಮಲ್ಲಯ್ಯ, ಮೈಲಾರಲಿಂಗ, ಖಂಡೋಬ ಎಂದು ಊರಿಗೊಂದು ಹೆಸರಿನಿಂದ ಕರೆಸಿಕೊಳ್ಳುವ ದೇವರು ಖಡ್ಗ ಹಿಡಿದು ಕುದುರೆಯ ಮೇಲೆ ಕುಳಿತಿದ್ದಾನೆ, ಜೊತೆಗೆ ನಾಯಿ ಓಡುತ್ತಿದೆ. ವರ್ಷವರ್ಷವೂ ಹುಣಸೆಹಣ್ಣು ಹಚ್ಚಿ ತಿಕ್ಕಿ, ಭಂಡಾರ ಹಚ್ಚಿ ತೊಳೆದು, ದೇವರ ಮುಖ ಸವೆದು ನುಣುಪಾಗಿ ಹೋದರೂ ಕುದುರೆಯ ಕತ್ತಿನ ಬಾಗು ಮಾತ್ರ ಬೆರಳಿಗೆ ತಗಲುತ್ತದೆ. ಮಣಿ, ಮಲ್ಲ ಎಂಬ ರಾಕ್ಷಸರನ್ನು ಮಾರ್ತಾಂಡಭೈರವ ಸಂಹರಿಸಿದ ಕಥೆಯಲ್ಲಿ ಮಣಿಯು ಸಾಯುವ ಮುನ್ನ ಪಶ್ಚಾತ್ತಾಪಪಟ್ಟು ತನ್ನ ಬಿಳಿಯ ಕುದುರೆಯನ್ನು ದೇವರಿಗೆ ಒಪ್ಪಿಸುತ್ತಾನೆ. ರಾಕ್ಷಸನನ್ನು ಹೊತ್ತು ಮೆರೆದ ಕುದುರೆ ದೇವರ ವಾಹನವಾಗುತ್ತದೆ, ದೇವರ ಜೊತೆ ಮಣಿಗೂ ಪೂಜೆ ಸಲ್ಲುತ್ತದೆ. ಸವಾರ, ಕುದುರೆ, ನಾಯಿ: ಗಜಾಲಿಯ ದೃಷ್ಟಾಂತದಲ್ಲಿ, ಡ್ಯೂರರನ ತಗಡಿನಲ್ಲಿ, ಜಗಲಿಯ ಮೇಲಿನ ಹಿತ್ತಾಳೆಯಲ್ಲಿ ಈ ಮೂವರು ಒಬ್ಬರಿಂದೊಬ್ಬರು ಕಡ ಪಡೆಯದೆಯೇ ಜೊತೆಗೂಡಿರುವುದು ಬೆರಗಿನ ಸಂಗತಿ. ಬೇಟೆಗೂ ಯುದ್ಧಕ್ಕೂ ಹೊರಟವನ ಜೊತೆ ಈ ಎರಡು ಪ್ರಾಣಿಗಳು ನಿಜವಾಗಿಯೂ ಇರುತ್ತಿದ್ದವು. ಆಮೇಲೆ ಅವುಗಳ ಮೇಲೆ ಅರ್ಥಗಳು ಬಂದು ಕುಳಿತವು.

ಶರಣರು ಸವಾರ, ಕುದುರೆಗಳ ಈ ನಂಟನ್ನು ಇನ್ನಷ್ಟು ನೇರವಾಗಿ ನೋಡಿದರು. ಅಲ್ಲಮಪ್ರಭುವಿನ ಒಂದು ಪ್ರಸಿದ್ಧ ವಚನದ ತಾತ್ಪರ್ಯ ಹೀಗಿದೆ: ತನ್ನ ಪಾಲಿಗೆ ಬಂದ ಕುದುರೆಯನ್ನು ಏರಲು ಬಾರದೆ ಬೇರೆ ಕುದುರೆಗೆ ಆಸೆಪಡುವವನು ಶೂರನಲ್ಲ, ಲೋಕದ ಜನರೆಲ್ಲ ಕುದುರೆಗೆ ಹಾಕಬೇಕಾದ ಜೀನನ್ನು ತಾವೇ ಹೊತ್ತು ಬಳಲುತ್ತಿದ್ದಾರೆ. ಈ ವಚನಗಳು ತಾಳೆಗರಿಯ ಕಟ್ಟುಗಳಿಂದ ಹೊರಬಂದು ಎಲ್ಲರ ಕೈಗೆ ಸಿಕ್ಕಿದ್ದು ವಿಜಯಪುರದಲ್ಲೇ ವಕೀಲಿ ಮಾಡಿಕೊಂಡಿದ್ದ ಫ. ಗು. ಹಳಕಟ್ಟಿಯವರ ದುಡಿಮೆಯಿಂದ; ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬಂತು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭವಾಯಿತು. ಅಲ್ಲಮನ ಕುದುರೆಯನ್ನು ಬಿಜಾಪುರದ ಹಾಳೆಯ ಪಕ್ಕದಲ್ಲಿಟ್ಟರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಮ ಕುದುರೆಯನ್ನು ಸೊರಗಿಸು ಎನ್ನುವುದಿಲ್ಲ, ಏರು ಎನ್ನುತ್ತಾನೆ. ಕೊಟ್ಟದ್ದನ್ನು ಬಳಸಲು ಬಾರದ ಸವಾರನೇ ಅಲ್ಲಿ ಅಪರಾಧಿ, ಕುದುರೆಯ ಮೇಲೆ ಯಾವ ದೂರೂ ಇಲ್ಲ. ದೇಹವನ್ನು ಹಗೆಯೆಂದು ಕಾಣದ, ಕಾಯಕಕ್ಕೆ ಬೇಕಾದ ಒಡನಾಡಿಯೆಂದು ಕಂಡ ಪರಂಪರೆಗೆ ಇದೇ ಸಹಜವಾದ ನೋಟ.

ಆದರೂ ಬಿಜಾಪುರದ ಹಾಳೆಯನ್ನು ಕಠೋರವೆಂದು ತಳ್ಳಿಹಾಕಲಾಗದು, ಏಕೆಂದರೆ ಅದರಲ್ಲಿ ಸವಾರನೂ ಕುದುರೆಯಷ್ಟೇ ಬಡಕಲು. ಕೊಬ್ಬಿದ ಸವಾರನೊಬ್ಬ ಬಡಕಲು ಕುದುರೆಯ ಮೇಲೆ ಕುಳಿತಿದ್ದರೆ ಅದು ದಬ್ಬಾಳಿಕೆಯ ಚಿತ್ರವಾಗುತ್ತಿತ್ತು. ಇಲ್ಲಿ ಹಸಿವು ಇಬ್ಬರಿಗೂ ಒಂದೇ ಅಳತೆಯಲ್ಲಿ ಹಂಚಿಹೋಗಿದೆ. ಕುದುರೆಯೆಂದರೆ ಸವಾರನದೇ ಮೈ ಎಂದಾದ ಮೇಲೆ ಬೇರೆ ದಾರಿಯೂ ಇರಲಿಲ್ಲ. ಆದರೆ ರೂಪಕದ ತರ್ಕಕ್ಕೆ ಇಷ್ಟೇ ಸಾಕಾಗಿದ್ದರೂ, ಕಲಾವಿದನ ಗೆರೆ ಅದಕ್ಕಿಂತ ಮುಂದೆ ಹೋಗಿದೆ. ಉಪವಾಸದಿಂದ ತೆಳುವಾದ ಸಾಧಕನ ಮೈಯನ್ನು ಬರೆಯಲು ಪುಸ್ತಕದ ತಿಳಿವಳಿಕೆ ಸಾಲುತ್ತದೆ. ಹಸಿದ ಪ್ರಾಣಿ ನಿಲ್ಲುವ ಬಗೆಯನ್ನು, ಸೊಂಟದ ಎಲುಬು ಚರ್ಮವನ್ನು ಎತ್ತಿಹಿಡಿಯುವ ಬಗೆಯನ್ನು ಅಷ್ಟು ಮನಮುಟ್ಟುವಂತೆ ಬರೆಯಬೇಕಾದರೆ ಅದನ್ನು ಕಂಡಿರಬೇಕು.

ಕಾಣುವುದಕ್ಕೆ ಈ ಸೀಮೆ ಎಂದೂ ಕೊರತೆ ಮಾಡಿಲ್ಲ. ಬಬಲೇಶ್ವರದ ಕಡೆಯ ನೆಲ ಡೋಣಿ ನದಿಯ ಕಪ್ಪು ಮಣ್ಣಿನದು, ಮಳೆ ಹದವಾಗಿ ಬಿದ್ದರೆ ಬಿಳಿಜೋಳ ಆಳೆತ್ತರ ನಿಲ್ಲುವಂಥದು. ಡೋಣಿ ಬೆಳೆದರೆ ತಿಂದು ಮುಗಿಸುವವರು ಯಾರು, ಡೋಣಿ ಬೆಳೆಯದಿದ್ದರೆ ತಿನ್ನುವವರಾದರೂ ಯಾರು ಎಂಬ ಅರ್ಥದ ಗಾದೆ ಇಲ್ಲಿ ಹುಟ್ಟಿದ್ದು ಸುಮ್ಮನಲ್ಲ. ಒಂದು ವರ್ಷ ಕಣದ ತುಂಬ ರಾಶಿ, ಮರುವರ್ಷ ದನಗಳಿಗೆ ಹಾಕಲು ಕಣಿಕೆಯೂ ಇಲ್ಲ. ಇದೇ ನದಿಯ ದಂಡೆಯ ಸಾರವಾಡದಲ್ಲಿ ಭಾಸ್ಕರಸ್ವಾಮಿಗಳೆಂಬ ಗುರುವನ್ನು ಕಂಡುಕೊಂಡು, ಆದಿಲ್‌ಶಾಹಿ ಆಡಳಿತದ ದೊಡ್ಡ ಅಧಿಕಾರವನ್ನು ಬಿಟ್ಟು, ಕಾಖಂಡಕಿಯಲ್ಲಿ ನೆಲೆನಿಂತು ಕೀರ್ತನೆ ರಚಿಸಿದ ಮಹಿಪತಿದಾಸರು ಹದಿನೇಳನೆಯ ಶತಮಾನದವರು. ದರಬಾರಿನ ಕುದುರೆಯಿಂದ ಇಳಿದು ಬಂದ ಅವರಿಗೆ ಆ ಬಡಕಲು ಸವಾರನ ಹಾಳೆ ತೋರಿಸಿದ್ದರೆ ವಿವರಣೆಯ ಅಗತ್ಯ ಬೀಳುತ್ತಿರಲಿಲ್ಲ.

1884ರಲ್ಲಿ ಪ್ರಕಟವಾದ ಬಿಜಾಪುರ ಜಿಲ್ಲೆಯ ಗ್ಯಾಸೆಟಿಯರ್ ಈ ಸೀಮೆಯ ಬರಗಾಲಗಳ ಪಟ್ಟಿಯನ್ನೇ ಕೊಡುತ್ತದೆ. 1791-92ರದು ಡೋಗಿ ಬರ. ಹೂಳುವವರಿಲ್ಲದೆ ಬಯಲಿನಲ್ಲಿ ಉಳಿದ ತಲೆಬುರುಡೆಗಳಿಂದ ಅದಕ್ಕೆ ಆ ಹೆಸರು ಬಂತು. 1876-77ರದು ಇಡೀ ದಖ್ಖನನ್ನು ಬಡಿದ ಮಹಾ ಬರ. ಆದರೆ ಚಿತ್ರಕ್ಕೆ ಹತ್ತಿರವಾದದ್ದು ಇವೆರಡಕ್ಕಿಂತ ಹಳೆಯದು. 1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರನ ಸೈನ್ಯ ನವರಸಪುರವನ್ನು ಹಾಳುಗೆಡವಿತು. 1627ರಲ್ಲಿ ಇಬ್ರಾಹಿಂ ತೀರಿಕೊಂಡ. 1630ರಲ್ಲಿ ಮಳೆ ಕೈಕೊಟ್ಟು ಗುಜರಾತಿನಿಂದ ದಖ್ಖನಿನವರೆಗೆ ಎರಡು ವರ್ಷ ಕಾಡಿದ ಘೋರ ಬರ ಆರಂಭವಾಯಿತು. ಅದರ ನಡುವೆಯೇ, 1631ರಲ್ಲಿ, ಶಹಾಜಹಾನನ ಸೇನಾಪತಿ ಆಸಫ್‌ಖಾನ ಬಿಜಾಪುರಕ್ಕೆ ಮುತ್ತಿಗೆ ಹಾಕಿದ. ಕೋಟೆಯೊಳಗಿನ ತೋಪುಗಳಿಗಿಂತ ಹೊರಗಿನ ಬಯಲೇ ಅವನನ್ನು ಸೋಲಿಸಿತು ಎನ್ನಬೇಕು, ಏಕೆಂದರೆ ಸುತ್ತಲೂ ಸೈನಿಕರಿಗೆ ಧಾನ್ಯವೂ ಪ್ರಾಣಿಗಳಿಗೆ ಮೇವೂ ದೊರೆಯದೆ ಮುತ್ತಿಗೆಯನ್ನು ತೆಗೆದು ಹಿಂದಿರುಗಬೇಕಾಯಿತು. ಆ ವರ್ಷ ಬಿಜಾಪುರದ ಸುತ್ತ ನಿಂತಿದ್ದ ದಂಡಿನ ಕುದುರೆಗಳು ಯಾವ ಸಾಧನೆಯನ್ನೂ ಮಾಡದೆ, ಯಾವ ನಫ್ಸಿನ ಗುರುತೂ ಆಗದೆ, ಆ ಹಾಳೆಯ ಕುದುರೆಯಂತೆಯೇ ಕಂಡಿರಬೇಕು.

ಆದ್ದರಿಂದ ಇಲ್ಲಿಯವರು ಈ ಹಾಳೆಯನ್ನು ನೋಡುವಾಗ ವಿದ್ವಾಂಸರ ವಿವರಣೆಯ ಜೊತೆಗೆ ತಮ್ಮದೊಂದನ್ನು ಸೇರಿಸಲು ಹಕ್ಕುಳ್ಳವರು. ಆಸೆಯನ್ನು ಗೆಲ್ಲಲು ತಾನಾಗಿ ಹಸಿದವನ ಎಲುಬೂ, ಮಳೆ ಬಾರದೆ ಹಸಿದ ಪ್ರಾಣಿಯ ಎಲುಬೂ ಕಾಗದದ ಮೇಲೆ ಒಂದೇ ಗೆರೆಯಿಂದ ಬರುತ್ತವೆ. ಮೊದಲನೆಯದರಲ್ಲಿ ಆಯ್ಕೆ ಇದೆ, ಎರಡನೆಯದರಲ್ಲಿ ಇಲ್ಲ. ರೂಪಕ ಕಟ್ಟುವವರು ಆಯ್ಕೆಯಿದ್ದವರ ಕಡೆಗೇ ನೋಡುತ್ತ ಬಂದದ್ದರಿಂದ ಪ್ರಾಣಿಯ ಪಾಲಿನ ಹಸಿವು ಅರ್ಥವಿವರಣೆಯಲ್ಲಿ ಬಿಟ್ಟುಹೋಯಿತು. ಕಠೋಪನಿಷತ್ತು ಇಂದ್ರಿಯಗಳನ್ನು ಕುದುರೆಗಳೆಂದು, ದೇಹವನ್ನು ರಥವೆಂದು ಕರೆದ ಕಾಲದಿಂದಲೂ ಕುದುರೆ ಮನುಷ್ಯನ ಒಳಗನ್ನು ಹೇಳಲು ದುಡಿದಿದೆ. ಅದರ ಸ್ವಂತ ಹೊಟ್ಟೆಯ ವಿಚಾರವನ್ನು ಎತ್ತಿದವರು ಕಡಿಮೆ. ಬಿಜಾಪುರದ ಹೆಸರು ತಿಳಿಯದ ಕಲಾವಿದ, ಸವಾರನನ್ನೂ ಅಷ್ಟೇ ಸೊರಗಿಸಿ, ಆ ವಿಚಾರಕ್ಕೆ ಹಾಳೆಯಲ್ಲಿ ಜಾಗ ಉಳಿಸಿದ್ದಾನೆ; ಡ್ಯೂರರನ ಕೌಶಲ ಎಷ್ಟೇ ದೊಡ್ಡದಿದ್ದರೂ, ಈ ಒಂದು ಕಾರಣಕ್ಕೆ ಬಿಜಾಪುರದ ಕುದುರೆ ಹೆಚ್ಚು ಹತ್ತಿರದ್ದೆನಿಸುತ್ತದೆ.

ಹಾಳೆ ಈಗ ಊರಿನಲ್ಲಿಲ್ಲ. 1686ರಲ್ಲಿ ಔರಂಗಜೇಬ ನಗರವನ್ನು ಗೆದ್ದ ಮೇಲೆ ಅರಮನೆಯ ಸಂಗ್ರಹಗಳು ಚದುರಿದವು. ನಗರದ ಅಸರ ಮಹಲ್ ಎಂಬ ಕಟ್ಟಡದಲ್ಲಿ ಉಳಿದಿದ್ದ ಅರಬ್ಬಿ, ಪಾರಸಿ ಹಸ್ತಪ್ರತಿಗಳನ್ನು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬ್ರಿಟಿಷರು ಲಂಡನ್ನಿಗೆ ಸಾಗಿಸಿದರು. ಬಡಕಲು ಕುದುರೆ 1944ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಸೇರಿತು. ಮೂಲವನ್ನು ಮರಳಿ ತರುವುದು ದೊಡ್ಡ ಮಾತು. ಆದರೆ ಒಳ್ಳೆಯ ಪ್ರತಿಯೊಂದನ್ನು ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿರುವ, 1892ರಲ್ಲಿ ಸ್ಥಾಪನೆಯಾದ ವಸ್ತುಸಂಗ್ರಹಾಲಯದಲ್ಲಿ ತೂಗುಹಾಕುವುದು, ಪಕ್ಕದಲ್ಲಿ ಡ್ಯೂರರನ ಅಚ್ಚಿನ ಒಂದು ಪ್ರತಿಯನ್ನೂ ಹಳೆಯ ಮಲ್ಲಯ್ಯನ ತಗಡೊಂದನ್ನೂ ಇಡುವುದು, ಮೂರಕ್ಕೂ ಕನ್ನಡದಲ್ಲಿ ಸರಿಯಾದ ವಿವರಣೆ ಬರೆಯುವುದು ಅಷ್ಟೇನೂ ಖರ್ಚಿನ ಕೆಲಸವಲ್ಲ, ಮತ್ತು ಅದು ಆಗಲೇಬೇಕಾದ ಕೆಲಸ. ವಿವರಣೆಯಲ್ಲಿ 1625ರ ಜೊತೆಗೆ 1630 ಎಂಬ ವರ್ಷವನ್ನೂ ಬರೆಯಬೇಕು. ಈಗ ದ್ರಾಕ್ಷಿತೋಟಗಳ ನಡುವೆ ಬೆಳೆಯುತ್ತಿರುವ ತಿಕೋಟಾ, ಬಬಲೇಶ್ವರಗಳ ಮಕ್ಕಳು ಶಾಲೆಯ ಪ್ರವಾಸಕ್ಕೆ ಬಂದು ಆ ಹಾಳೆಯ ಮುಂದೆ ನಿಂತಾಗ ಅವರು ಕೇಳುವ ಮೊದಲ ಪ್ರಶ್ನೆ ಇದಕ್ಕ ಯಾಕ ಮೇವು ಹಾಕಿಲ್ಲ ಎಂಬುದೇ ಆಗಿರುತ್ತದೆ; ತೋರಿಸುವವರು ಆ ಪ್ರಶ್ನೆಯನ್ನು ಬದಿಗೆ ಸರಿಸಿ ನಫ್ಸಿನ ಪಾಠಕ್ಕೆ ಹೋಗದೆ, ಮೊದಲು ಮಳೆ ಬಾರದ ಆ ಎರಡು ವರ್ಷಗಳ ಕಥೆ ಹೇಳಿ, ಆಮೇಲೆ ಸವಾರನ ವಿಚಾರಕ್ಕೆ ಬರಬೇಕು.